ಒತ್ತಿ, ಹಿಡ್ಕೊಳ್ಳಿ, ಬಿಡಿ

ನಾಲ್ಕು ಅಂಗಾಲು, ಪಕ್ಕದ ಕನ್ನಡಿಯಲ್ಲಿ, ಒಂದರ ಪಕ್ಕ ಒಂದು ಜೋಡಿಸಿಟ್ಟ ಹಾಗೆ, ಎರಡು ಗಂಡನ ಕಾಲುಚೀಲದವು, ಎರಡು ದಪ್ಪ ಬೂಟಿನವು, ಮಿಕ್ಕಿದ್ದೆಲ್ಲ ಕಾರಿನಡಿಗೆ — ಸೊಂಟ, ಎದೆ, ತಲೆ, ನಗು, ಎಲ್ಲ ಕಾರಿನಡಿಗೆ — ಅಷ್ಟು ನಗುವಂಥದ್ದು ಅಲ್ಲೇನಿದೆಯೋ, ಮಣ್ಣು, ಗ್ರೀಸು, ಬಿಚ್ಚಿದ ಚಕ್ರದ ಹಿಂಬದಿ, ಒತ್ತಿ, ಅನ್ನುತ್ತದೆ ಕೆಳಗಿನಿಂದ ಸ್ಪ್ಯಾನರ್ ಅಕ್ಕನ ದನಿ, ಸ್ಟೀರಿಂಗ್ ಮುಂದೆ ಕೂತ ಅವಳು ಬ್ರೇಕಿನ ಪೆಡಲ್ ಒತ್ತುತ್ತಾಳೆ, ಹಿಡ್ಕೊಳ್ಳಿ, ಹಿಡಿದುಕೊಳ್ಳುತ್ತಾಳೆ, ಬಿಡಿ, ಬಿಡುತ್ತಾಳೆ, ಕೊಳವೆಯೊಳಗೆ ಸಿಕ್ಕಿಕೊಂಡ ಗಾಳಿ ಹೋಗುವವರೆಗೆ ಹೀಗೇ ಅಂತೆ, ಆಗಲಿ, ಕಾಲಿನ ಕೆಲಸ ಅವಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ, ಇಪ್ಪತ್ತಾರು ವರ್ಷ ಹೊಲಿಗೆ ಮಿಷನ್ ತುಳಿದ ಕಾಲು ಇದು, ಆದರೂ ಪ್ರತಿ ಸಲ ಕೆಳಗಿನಿಂದ, ಮೆಲ್ಲಗೆ ತಂಗೀ, ಮೆಲ್ಲಗೆ — ತಂಗಿಯಂತೆ, ಯಾವ ಜನ್ಮದ ತಂಗಿಯೋ. ಊರಿಗೆಲ್ಲ ಆಕೆ ಸ್ಪ್ಯಾನರ್ ಅಕ್ಕ, ದೊಡ್ಡ ಗ್ಯಾರೇಜಿನ ಒಡತಿ, ಇವರಿಗೆ ಮಾತ್ರ ಅಕ್ಕವೂ ಇಲ್ಲ ಏನೂ ಇಲ್ಲ, ಬರೀ ಸ್ಪ್ಯಾನರ್, ಮೂವತ್ತು ವರ್ಷದ ಹಿಂದೆ ಒಂದೇ ತರಬೇತಿ ಶಾಲೆಯಲ್ಲಿ ಅಕ್ಕಪಕ್ಕ ನಿಂತು ಕಬ್ಬಿಣಕ್ಕೆ ಅರ ಹಾಕಿದವರು, ಆಕೆ ಇವರನ್ನು ಗೂಬೆ ಅನ್ನುವುದು, ಐವತ್ತೆರಡು ವರ್ಷದ ಗಂಡಸನ್ನು, ಅದೂ ಕಟ್ಟಿಕೊಂಡ ಹೆಂಡತಿಯ ಎದುರಿಗೆ, ಇವರು ಹಲ್ಲು ಕಿರಿಯುವುದು, ಮನೆಯಲ್ಲಿ ಅವಳೇನಾದರೂ ಬಾಯಿತಪ್ಪಿ ಗೂಬೆ ಅಂದಿದ್ದರೆ ಎರಡು ದಿನ ಮುಖ ಊದಿಸಿಕೊಂಡು ತಟ್ಟೆ ಪಕ್ಕಕ್ಕೆ ತಳ್ಳುತ್ತಿದ್ದರು, ಒತ್ತಿ, ಒತ್ತಿದೆ ಅಕ್ಕಾ. ಸೋರುವ ಎಣ್ಣೆಗೆ ಒಂದು ಬಾಟಲಿ ಹಿಡಿದುಕೊಳ್ಳಲು ಇವರು ಅಲ್ಲಿ ಯಾಕೆ ಮಲಗಬೇಕು, ಒಂದು ಇಟ್ಟಿಗೆ ಒರಗಿಸಿದ್ದರೆ ಅದೇ ಹಿಡಿದುಕೊಳ್ಳುತ್ತಿತ್ತು, ಹೊಸ ಶೂ ಮಣ್ಣಾಗುತ್ತದೆ ಅಂತ ಕಳಚಿಟ್ಟು ಬೇರೆ ಮಲಗಿದ್ದಾರೆ, ಎಡಗಾಲಿನ ಹಿಮ್ಮಡಿಯ ಹತ್ತಿರ ಕಪ್ಪು ಕಾಲುಚೀಲಕ್ಕೆ ಕಂದು ದಾರದ ತೇಪೆ, ಆವತ್ತು ಕಪ್ಪು ದಾರ ಮುಗಿದಿತ್ತು, ಯಾರು ನೋಡ್ತಾರೆ ಬಿಡು ಅಂದಿದ್ದರು ಇವರು, ಹೊಲಿದು ಕೊಟ್ಟವಳು ಅವಳೇ.

ಈ ಕಾರು ಬಂದಾಗ ಕಾರಾಗಿರಲಿಲ್ಲ, ನಾಲ್ಕು ಗೋಣಿಚೀಲ ತುಕ್ಕು ಮತ್ತು ಒಂದು ಚೌಕಟ್ಟು, ಅರವತ್ತೈದು ವರ್ಷ ಹಳೆಯದು ಕಣೇ ಅಂತ ಇವರು ಮಗು ಹುಟ್ಟಿದವರ ಹಾಗೆ ಕುಣಿದಾಡಿದ್ದರು, ಮೂರು ವರ್ಷ ಭಾನುವಾರ ಅನ್ನುವ ದಿನವೇ ಇರಲಿಲ್ಲ ಮನೆಯಲ್ಲಿ, ಶೆಡ್ಡಿನಿಂದ ಸುತ್ತಿಗೆಯ ಸದ್ದು, ಆಮೇಲೆ ನಗು, ಆಮೇಲೆ ಏ ಎರಡು ಕಾಫಿ ಕೊಡ್ತೀಯಾ — ಎರಡು, ಮೂರಲ್ಲ — ಸೀಟು ಹೊಲಿದಿದ್ದು ಯಾರು ಅಂತ ಕೇಳಿ ಯಾರಾದರೂ, ಎಂಟು ತಿಂಗಳು, ಆ ದಪ್ಪ ಚರ್ಮಕ್ಕೆ ಎಷ್ಟು ಸೂಜಿ ಮುರಿದವೋ ಲೆಕ್ಕವೇ ಇಲ್ಲ, ಬೆರಳಿನ ತುದಿಯೆಲ್ಲ ಜರಡಿ, ಅಂಚಿಗೆ ಜೋಡಿ ಹೊಲಿಗೆ, ಒಂದು ನೂಲು ಆಚೀಚೆ ಇಲ್ಲ, ಹಳೆಯ ಕಾರುಗಳೆಲ್ಲ ಸೇರುವ ಆ ಬಂದರಿನ ಊರಿಗೆ ನಾಲ್ಕು ದಿನದ ಹಾದಿ ಅಂತ ಹೊರಟಾಗಲೂ ಹಿಂದಿನ ಸೀಟಿನ ಒಂದು ಅಂಚು ಬಾಕಿ ಇತ್ತು ಅಂತ ಕೈಮಿಷನ್ ಹೊತ್ತು ತಂದಿದ್ದಾಳೆ, ಹಿಂದೆ ಕೂತು, ತೊಡೆಯ ಮೇಲೆ ಮಿಷನ್, ಮುಂದೆ ಅವರಿಬ್ಬರು, ದಾರಿ ನೋಡೋಕೆ ಸ್ಪ್ಯಾನರ್ ಮುಂದಿರಲಿ ಕಣೇ, ನಿಂಗೆ ನಿದ್ದೆ ಬರತ್ತೆ, ಮೂರು ದಿನದಿಂದ ಅವಳು ನೋಡಿದ್ದು ಎರಡು ತಲೆಯ ಹಿಂಬದಿ. ಇವತ್ತು ಬೆಳಿಗ್ಗೆ ಪೆಡಲ್ ದಡಕ್ಕನೆ ನೆಲ ಮುಟ್ಟಿದಾಗಲೂ ಅಷ್ಟೇ, ಬ್ರೇಕಿಲ್ಲ ಬ್ರೇಕಿಲ್ಲ ಅಂತ ಇವರು ಕೂಗುವಷ್ಟರಲ್ಲಿ ಕೈಬ್ರೇಕಿನ ಮೇಲೆ ಆಕೆಯ ಕೈ, ಅದರ ಮೇಲೆ ಇವರ ಕೈ, ಒಂದೇ ಹಿಡಿಕೆಗೆ ಎರಡು ಕೈ, ಕಾರು ರಸ್ತೆ ಬದಿಯ ಮರಳಿನ ಗುಡ್ಡೆಗೆ ಮೂಗು ತೂರಿಸಿ ನಿಂತಿತು, ನಿಂತ ಮೇಲೂ ಆ ಕೈಗಳು ಹಾಗೇ ಇದ್ದವು, ಸ್ಪ್ಯಾನರ್ ನಿಂಗೇನೂ ಆಗಿಲ್ವಲ್ಲ, ಅಂದರು ಇವರು, ಆಮೇಲೆ, ತುಂಬ ಹೊತ್ತಾದ ಮೇಲೆ, ಹಿಂದೆ ತಿರುಗಿ, ನಿನ್ನ ಮಿಷನ್ ಸರಿಯಿದೆಯಾ? ಮಿಷನ್ ಸರಿಯಾಗೇ ಇತ್ತು.

ಹಿಡ್ಕೊಳ್ಳಿ, ಹಿಡಿದಿದ್ದೀನಿ, ಆ ರಬ್ಬರಿನ ಬಿಲ್ಲೆಯನ್ನು ಮಾತ್ರ ಆಕೆ ಅಂಗೈಯಲ್ಲಿಟ್ಟು ತೋರಿಸಬಾರದಿತ್ತು, ಚಕ್ರದೊಳಗಿಂದ ತೆಗೆದದ್ದು, ಬ್ರೇಕಿನ ಎಣ್ಣೆ ಸೋರದ ಹಾಗೆ ತಡೆಯುವಂಥದ್ದು, ನೆನೆಹಾಕಿದ ಕಡಲೆಯ ಹಾಗೆ ಉಬ್ಬಿ, ಮೆತ್ತಗಾಗಿ, ನೋಡೋ ಗೂಬೆ, ಬ್ರೇಕಿನ ಎಣ್ಣೆ ಬಿಟ್ಟು ಬೇರೆ ಎಣ್ಣೆ ಬಿದ್ರೆ ಹೀಗಾಗೋದು, ಹಂಗಾಗಿದ್ರೆ ಇದೊಂದೇ ಅಲ್ಲ, ನಾಲ್ಕು ಚಕ್ರದ್ದೂ ಮುಂದಿನ ಸಿಲಿಂಡರಿನದ್ದೂ ಎಲ್ಲ ರಬ್ಬರೂ ಹಾಳು, ಎಣ್ಣೆ ಯಾರಾದ್ರೂ ಮುಟ್ಟಿದ್ರೇನೋ? ಇವರು ತಲೆ ಕೂಡ ಎತ್ತದೆ, ಯಾರು ಮುಟ್ತಾರೆ, ನಾವಿಬ್ರೇ ತಾನೇ, ಆ ಚಕ್ರದಲ್ಲಿ ಹಳೇ ರಬ್ಬರನ್ನೇ ಬಿಟ್ಟಿದ್ದೆ, ವಯಸ್ಸಾಗಿದೆ ಅಷ್ಟೇ. ಹಂಗಾದ್ರೆ ಸರಿ ಬಿಡು, ಇದೊಂದನ್ನ ಬದಲಾಯಿಸಿದ್ರೆ ಸಾಕು. ಯಾರು ಮುಟ್ತಾರೆ — ಒಂದು ಸಲ, ಬರೀ ಒಂದು ಸಲ ಇವರ ಕಣ್ಣು ಅವಳ ಕಡೆ ಹೊರಳಿದ್ದರೆ ಆಗಲೇ ಹೇಳಿಬಿಡುತ್ತಿದ್ದಳೋ ಏನೋ, ಅನುಮಾನ ಪಡುವುದಕ್ಕೂ ಲಾಯಕ್ಕಿಲ್ಲದವಳಾಗಿ ಹೋದೆನಾ ನಾನು. ನಿನ್ನೆ ಬೆಳಿಗ್ಗೆ ವಸತಿಗೃಹದ ಅಂಗಳದಲ್ಲಿ ಇವರು ಆಕೆಗೆ ಹೇಳುತ್ತಿದ್ದದ್ದು ಕಿವಿಗೆ ಬಿತ್ತು, ಬ್ರೇಕಿನ ಎಣ್ಣೆ ಸ್ವಲ್ಪ ಇಳಿದಿದೆ ಕಣೇ, ಹೊರಡೋ ಮುಂಚೆ ತುಂಬಿಸ್ಬೇಕು, ಹೇಳಿ ಇಬ್ಬರೂ ತಿಂಡಿಗೆ ಹೋದರು, ತಲೆ ನೋಯುತ್ತೆ ಅಂತ ಅವಳು ಹೋಗಲಿಲ್ಲ, ಬಾನೆಟ್ ಎತ್ತಿದಳು, ಆ ಪುಟ್ಟ ಡಬ್ಬಿಯ ಮುಚ್ಚಳ ತಿರುಗಿಸಿದಳು, ಮಿಷನ್ ಪೆಟ್ಟಿಗೆಯಿಂದ ಎಣ್ಣೆಯ ಸೀಸೆ ತೆಗೆದಳು, ತಿಳಿ, ನೀರಿನಂಥ ಎಣ್ಣೆ, ಇಪ್ಪತ್ತಾರು ವರ್ಷದಲ್ಲಿ ಅವಳ ಮಿಷನ್ ಒಂದು ದಿನ ಕಿರ್ ಅಂದದ್ದಿಲ್ಲ ಆ ಎಣ್ಣೆಯ ದೆಸೆಯಿಂದ, ಎಣ್ಣೆ ಅಂದ ಮೇಲೆ ಎಣ್ಣೆ ತಾನೇ, ಅಂಚಿನವರೆಗೂ ತುಂಬಿಸಿ ಸೆರಗಿನಲ್ಲಿ ಒರೆಸಿ ಮುಚ್ಚಿದಳು, ಇವರು ಬಂದು ನೋಡಿ, ಅರೆ, ಯಾರು ತುಂಬಿಸಿದ್ದು ಅಂತ ಕೇಳಬೇಕು, ನಾನೇ ಕಣ್ರೀ ಅನ್ನಬೇಕು, ಆ ಒಂದು ಮಾತಿಗಾಗಿ — ಇವರು ಬಂದರು, ನೋಡಿದರು, ಏ ಸ್ಪ್ಯಾನರ್, ಆಗಲೇ ತುಂಬಿಸ್ಬಿಟ್ಟಿದೀಯಲ್ಲೇ, ಎಷ್ಟು ಚುರುಕು ನೀನು, ಅಂದರು, ಆಕೆ ಅತ್ತ ಪೆಟ್ಟಿಗೆ ಕಟ್ಟುತ್ತಿದ್ದವಳು ಏನು ಕೇಳಿಸಿಕೊಂಡಳೋ ಏನೋ, ಹೂಂ ಹೂಂ ಹೊರಡು ಅಂದುಬಿಟ್ಟಳು. ಅವಳ ಮೈಯೆಲ್ಲ ಉರಿದುಹೋಯಿತು, ಹಿಂದೆ ಹತ್ತಿ ಕೂತಳು.

ಬಿಡಿ, ಸಾಕು ತಂಗೀ, ಗಾಳಿ ಎಲ್ಲ ಹೋಯ್ತು, ಪೆಡಲ್ ಗಟ್ಟಿಯಾಯ್ತಲ್ಲ? ಗಟ್ಟಿಯಾಗಿದೆ, ಈಗ ಗಟ್ಟಿಯಾಗಿದೆ, ಕಾಲಿನಡಿಗೆ ಕಲ್ಲಿನ ಹಾಗಿದೆ, ಮುಂದೆ ಇಳಿಜಾರು, ಹದಿನಾಲ್ಕು ತಿರುವು ಅಂತ ಬರೆದ ಹಳದಿ ಹಲಗೆ ಇಲ್ಲಿಂದಲೇ ಕಾಣುತ್ತದೆ, ಎರಡನೆಯ ತಿರುವಿನಲ್ಲೋ ಹತ್ತನೆಯದರಲ್ಲೋ ಇನ್ನೊಂದು ಬಿಲ್ಲೆ ಕೈಕೊಟ್ಟರೆ, ಆಗ ಗೊತ್ತಾಗುತ್ತದೆ ಇವರಿಗೆ ಆ ಸ್ಪ್ಯಾನರ್ ಅಕ್ಕನ ಕೈಚಳಕ ಎಂಥದ್ದು ಅಂತ, ಹೆಸರೆಲ್ಲ ಮಣ್ಣುಪಾಲು — ಹೆಸರೊಂದೇ ಅಲ್ಲವಲ್ಲ ಮಾರಾಯ್ತಿ, ಮೂವರೂ ಮಣ್ಣುಪಾಲು, ಥೂ, ಎಂಥ ಯೋಚನೆ, ಆದರೆ ಹೇಳಿದರೆ? ಆಕೆಯ ಮುಂದೆ ಬೆಪ್ಪಿಯಾಗಿ ನಿಲ್ಲಬೇಕು, ಇವರು ಉರಿದುಬೀಳುತ್ತಾರೆ, ಇಸ್ತ್ರಿಯಲ್ಲಿ ಅಂಗಿ ಸುಟ್ಟದ್ದಕ್ಕೆ ಬೀದಿಗೆಲ್ಲ ಕೇಳುವ ಹಾಗೆ ಕೂಗಾಡಿದವರು, ಮೂರು ವರ್ಷದ ಕಾರಿಗೆ ಸುಮ್ಮನಿರುತ್ತಾರೆಯೇ, ಬೈಯಲಿ, ಬೈಯಲಿ, ಚೆನ್ನಾಗಿ ಬೈಯಲಿ, ಬೈಯುವಷ್ಟು ಹೊತ್ತಾದರೂ ಅವಳ ಮುಖ ನೋಡಿಕೊಂಡು ಬೈಯಬೇಕಲ್ಲ. ಚಕ್ರ ಹಾಕಿಯಾಯಿತು, ಜ್ಯಾಕ್ ಇಳಿಯುತ್ತಿದೆ, ಇಳಿಯೇ, ಹಿಂದೆ ಕೂತ್ಕೋ, ಹೊರಡೋಣ, ಅನ್ನುತ್ತಾರೆ ಇವರು ಶೂ ಕೈಯಲ್ಲಿ ಹಿಡಿದು, ಅವಳು ಇಳಿಯುವುದಿಲ್ಲ, ಸ್ಟೀರಿಂಗ್ ಗಟ್ಟಿಯಾಗಿ ಹಿಡಿದುಕೊಂಡಿದ್ದಾಳೆ, ರೀ, ಎಣ್ಣೆ ಹಾಕಿದ್ದು ನಾನು, ಏನು, ನಿನ್ನೆ ಬೆಳಿಗ್ಗೆ, ಬ್ರೇಕಿನ ಡಬ್ಬಿಗೆ, ಮಿಷನ್ ಎಣ್ಣೆ, ನಾನೇ ಕಣ್ರೀ. ಇವರ ಬಾಯಿ ತೆರೆಯಿತು, ಈಗ ಬಂತು, ಈಗ, ಅವಳು ಭುಜ ಬಿಗಿಹಿಡಿದಳು — ಇವರು ಆ ಕಡೆ ತಿರುಗಿದರು. ಸ್ಪ್ಯಾನರ್, ಈಗೇನೇ ಮಾಡೋದು? ಮಾಡೋದೇನು, ಎಲ್ಲ ಬಿಚ್ಚಬೇಕು ಗೂಬೆ, ರಬ್ಬರೆಲ್ಲ ತಂದಿದೀನಿ, ಸಂಜೆ ಆಗತ್ತೆ ಅಷ್ಟೇ, ಹೇಳಿದ್ದು ಒಳ್ಳೇದಾಯ್ತು ತಂಗೀ, ಜೀವ ಉಳಿಸಿದ್ರಿ, ಅಂದಳು ಆಕೆ, ನಿಜವಾಗಿಯೂ ಅಂದಳು, ಆ ಒಳ್ಳೆಯತನ ಬೇರೆ ಸೂಜಿಯ ಹಾಗೆ ಚುಚ್ಚಿತು. ಜ್ಯಾಕ್ ಮತ್ತೆ ಏರುತ್ತಿದೆ, ಶೂ ಮತ್ತೆ ರಸ್ತೆ ಬದಿಗೆ, ಇಬ್ಬರೂ ಮತ್ತೆ ಕಾರಿನಡಿಗೆ, ಪಾಪ ಅವಳಿಗೇನು ಗೊತ್ತಾಗತ್ತೆ ಬಿಡು, ಅನ್ನುತ್ತಾರೆ ಇವರು ಅಲ್ಲಿಂದ, ಕೇಳಿಸುವುದಿಲ್ಲ ಅಂದುಕೊಂಡು, ಇಷ್ಟೇ, ಒಂದು ಬೈಗುಳವೂ ಇಲ್ಲ, ಹಾಳಾದವರು ಒಂದು ಬೈಗುಳವನ್ನೂ ಅವಳಿಗೆ ಅಂತ ಇಟ್ಟಿಲ್ಲ, ಹಳೇ ಎಣ್ಣೆ ಎಲ್ಲ ಹೊರಗೆ ತೆಗೀಬೇಕು, ಒತ್ತಿ ತಂಗೀ, ಒತ್ತುತ್ತಾಳೆ, ಹಿಡ್ಕೊಳ್ಳಿ, ಕನ್ನಡಿಯಲ್ಲಿ ನಾಲ್ಕು ಅಂಗಾಲು, ಬಿಡಿ, ಇವರ ಎಡಗಾಲು ಜಾಗ ಸಾಲದೆ ಸ್ವಲ್ಪ ಸರಿಯುತ್ತದೆ, ಒತ್ತಿ, ಸರಿದು ಆ ದಪ್ಪ ಬೂಟಿಗೆ ಆನಿಕೊಳ್ಳುತ್ತದೆ, ಹಿಡ್ಕೊಳ್ಳಿ, ಆನಿಕೊಂಡು ಅಲ್ಲೇ ಉಳಿಯುತ್ತದೆ, ಬಿಡಿ, ಬಿಡಿ ತಂಗೀ, ಕೇಳಿಸ್ತಾ, ಬಿಡಿ, ಕಪ್ಪು ಕಾಲುಚೀಲದಲ್ಲಿ ಅವಳು ಹೊಲಿದ ಕಂದು ತೇಪೆ, ಬೂಟಿಗೆ ಒತ್ತಿಕೊಂಡು, ಅಲ್ಲೇ