ಮಂಜಿಗೆ ಬಿದ್ದ ಬೀಜ

ಬೀಜದ ಮೆಣಸಿನಕಾಯಿ ಮಾಳಿಗೆಯ ಮೇಲೆ ಒಣಗುತ್ತಿತ್ತು. ಅಷ್ಟರಲ್ಲಿ ಚಾಂಪಿಯನ್ ರೀಫ್ಸಿನಿಂದ ಸುದ್ದಿ ಬಂತು: ಚಿನ್ನದ ಗಣಿಯಲ್ಲಿ ಬಂಡೆ ಕುಸಿದು ಮುನಿಶಾಮಿ ಸತ್ತ. ಅದು ಐವತ್ತೆಂಟರ ಪುಷ್ಯಮಾಸ. ಕ್ಯಾಸಂಬಳ್ಳಿ ಕಡೆಯ ಮಾಗಿ ಮಂಜು ಎಂದರೆ ಸಾಮಾನ್ಯವೇ? ಹೊತ್ತು ಮುಳುಗುವ ಮುಂಚೆ ಕಾಯಿ ಒಳಗೆ ತರಲೇಬೇಕು. ಆ ಸಂಜೆ ಅವನ ಹೆಂಡತಿ ಮುನಿನಾರಾಯಣಮ್ಮ ಅಳುತ್ತಲೇ ಏಣಿಗೆ ಕೈ ಹಾಕಿದಳು.

"ಮುಟ್ಬ್ಯಾಡ!" ಎಂದು ಕಿರುಚಿದಳು ಅತ್ತೆ ಅಕ್ಕಯ್ಯಮ್ಮ. "ಸೂತಕದ ಕೈಯಾಗೆ ಬೀಜ ಮುಟ್ತಾರೇನೇ?"

ಹನ್ನೊಂದು ದಿನ ಯಾರೂ ಮುಟ್ಟಲಿಲ್ಲ. ಕಾಯಿ ರಾತ್ರಿ ನೆನೆಯಿತು, ಹಗಲು ಅರೆಬರೆ ಒಣಗಿತು, ಮತ್ತೆ ನೆನೆಯಿತು. ಸೂತಕ ಕಳೆದು ನೋಡಿದರೆ ಮೈತುಂಬ ಬಿಳಿ ಬೂಷ್ಟು. ಅಕ್ಕಯ್ಯಮ್ಮ ಅದನ್ನು ಒಲೆಯ ಬಿಸಿಗೆ ಹರವಿ ಗರಿಗರಿ ಮಾಡಿ, ಬೀಜ ಉದುರಿಸಿ, ಬೂದಿ ಬೆರೆಸಿ ಸೋರೆಬುರುಡೆಗೆ ತುಂಬಿದಳು. ಬೀಜ ಸತ್ತದ್ದು ಹೊರಗೆಲ್ಲಿ ಕಾಣುತ್ತದೆ!

ವೈಶಾಖ ಬಂತು. ಮುನಿಶಾಮಿಯ ಅಣ್ಣ ಶ್ರೀರಾಮಪ್ಪ ತಮ್ಮನ ಹೆಂಡತಿಯ ಮುಖ ನೋಡಿ ಮಾತಾಡುವವನಲ್ಲ. ಅವಳಿಗೆ ಕೇಳಲೆಂದೇ ತಾಯಿಗೆ ಹೇಳಿದ: "ಈ ಸಲ ಮೆಣಸಿನ ಒಟ್ಲು ಅವಳೇ ಆಕ್ಲಿ ಕಣಮ್ಮೋ. ಪೈರು ಬಂದ್ರೆ ಈ ಮನೇಲಿರ್ಲಿ. ಬರ್ದಿದ್ರೆ ಆ ಕೈ ನಮಗ್ಬ್ಯಾಡ, ತೌರಿಗೆ ಕಳ್ಸು."

ಥೂ, ಇದೂ ಒಂದು ನ್ಯಾಯವೇ? ಆದರೂ ಅವಳು ಒಟ್ಲಿಗೆ, ಸಸಿ ಎಬ್ಬಿಸಲು, ಪಾತಿ ಮಾಡಿದಳು, ಬಿತ್ತಿದಳು, ಎರಡು ಹೊತ್ತೂ ನೀರು ಚಿಮುಕಿಸಿದಳು. ಎಂಟು ದಿನವಾಯಿತು, ಹದಿನೈದಾಯಿತು. ಕಳೆ ಹುಟ್ಟಿತೇ ಹೊರತು ಮೆಣಸು ಹುಟ್ಟಲಿಲ್ಲ. ಬೆರಳಿಂದ ಕೆದಕಿದರೆ ಬೀಜ ಕಪ್ಪಾಗಿ ಕೊಳೆತಿತ್ತು.

"ಅತ್ತಮ್ಮ, ಇದು ಮಂಜಿಗೆ ಬಿದ್ದು ಕೆಟ್ಟಿದ್ದು. ನಿಮಗೂ ಗೊತ್ತದೆ, ಒಂದು ಮಾತು ಏಳಿ."

ನಲವತ್ತು ವರ್ಷ ಬೀಜ ಕಾಪಾಡಿದವಳಿಗೆ ಗೊತ್ತಿಲ್ಲದೆ ಏನು? ಅಕ್ಕಯ್ಯಮ್ಮ ದೊಡ್ಡ ಮಗನ ಕಡೆ ನೋಡಿದಳು. ಬಾಯಿ ಬಿಡಲಿಲ್ಲ.

ಕಾಮಸಮುದ್ರದ ತೌರಿಗೆ ಮುನಿನಾರಾಯಣಮ್ಮ ಹೊತ್ತುಕೊಂಡು ಹೋದದ್ದು ಗಂಡನ ಕೋಟೊಂದನ್ನೇ. ಗಣಿಯವರು ಕಳಿಸಿಕೊಟ್ಟ ದಿನದಿಂದ ಅದು ಗೂಟಕ್ಕೆ ನೇತಾಡುತ್ತಿತ್ತು. ಅವನ ಬೆವರಿನ ವಾಸನೆ ಹೋದೀತೆಂದು ಒಗೆದಿರಲಿಲ್ಲ. ತೌರಿನಲ್ಲಿ ಅದನ್ನು ಮಡಿಸುವಾಗ ಜೇಬಿನೊಳಗೆ ಗಲಗಲ ಸದ್ದಾಯಿತು. ಎರಡು ಮೆಣಸಿನಕಾಯಿ! ಮುದ್ದೆಗೆ ನಂಚಿಕೊಳ್ಳಲೆಂದು ಸತ್ತ ದಿನದ ಬೆಳಿಗ್ಗೆ ಅದೇ ಮಾಳಿಗೆಯಿಂದ ಅವನು ಆರಿಸಿಕೊಂಡವು. ಮಂಜು ಸೋಕದೆ, ಬೆಂಕಿ ತಾಕದೆ, ನೆರಳಲ್ಲೇ ಹದವಾಗಿ ಒಣಗಿದ್ದವು. ಕೋಟಿಗೆ ಮುಖ ಒತ್ತಿ ಅವಳು ಹೊಟ್ಟೆ ತುಂಬ ಅತ್ತಳು. ಆಮೇಲೆ ಒಡಕು ಮಡಕೆಗೆ ಮಣ್ಣು ತುಂಬಿ ಬಿತ್ತಿದಳು. ಒಂಬತ್ತನೆಯ ದಿನ ಮೊಳಕೆ ಎದ್ದವು.

ಪೈರು ಗೇಣುದ್ದವಾದ ಮೇಲೆ ಮಡಕೆಯನ್ನು ತಲೆ ಮೇಲಿಟ್ಟುಕೊಂಡು ಅತ್ತೆಯ ಮನೆಗೆ ಬಂದು ಅವಳ ಮುಂದೆ ಇಳಿಸಿದಳು.

"ಅತ್ತಮ್ಮ, ಅದೇ ಬೀಜ. ಇದೇ ಕೈ."

ಅಕ್ಕಯ್ಯಮ್ಮ ಎಲೆ ಸವರಿ ಅತ್ತುಬಿಟ್ಟಳು. ಜಗಲಿಯಲ್ಲಿ ಕೂತಿದ್ದ ಶ್ರೀರಾಮಪ್ಪ ತಾಯಿಗೆ ಹೇಳಿದ: "ಪೈರು ಚೆನ್ನಾಗದೆ. ಮಡಕೆ ಇಲ್ಲಿಟ್ಟು ಓಗು ಅನ್ನಮ್ಮ."

ಮುನಿನಾರಾಯಣಮ್ಮ ಅತ್ತೆಯ ಬಾಯನ್ನೇ ನೋಡುತ್ತ ನಿಂತಳು. ಅದು ಈ ಸಲವೂ ತೆರೆಯಲಿಲ್ಲ. ಅವಳು ಸಿಂಬೆ ಸರಿಮಾಡಿಕೊಂಡು ಮಡಕೆಯನ್ನು ಮತ್ತೆ ತಲೆಗೇರಿಸಿದಳು.