ಫ್ರಿಜ್ಜಿನ ಎರಡು ತುದಿ

"ಒಳಗೆ ಹೋಗಿ ಬಾಯಿಗೆ ಬಂದದ್ದೆಲ್ಲ ಒದರಬೇಡ. ಅವ್ರು ಬೈಲಿಲ್ಲ, ನಂದೇ ತಪ್ಪು, ಅನ್ನು. ದಂಡ ಕಟ್ಟಿ ಮನೆ ಸೇರ್ಕೋ. ಬೈದ್ರು ಅಂತ ಹಟ ಹಿಡಿದ್ಯೋ, ಜೈಲೇ ಗತಿ," ಎಂದ ವಕೀಲ ಹಲ್ಲಿಗೆ ಕಡ್ಡಿ ಹಾಕುತ್ತ.

ಬೀರು ಎನ್ನುವುದು ಅದನ್ನು ಕೇಳುತ್ತಿದ್ದವನ ನಿಜವಾದ ಹೆಸರಲ್ಲ. ಮನೆ ಸಾಮಾನು ಸಾಗಿಸುವ ಲಾರಿಯವರು ಇಟ್ಟದ್ದು. ಬಟ್ಟೆ ತುಂಬಿದ ಬೀರುವೊಂದನ್ನು ಒಬ್ಬನೇ ಬೆನ್ನ ಮೇಲೆ ಹೊತ್ತು ಮಹಡಿ ಇಳಿಸಿದ ಮೇಲೆ ಅದೇ ಗಟ್ಟಿಯಾಯಿತು. ಅಂಥ ಆಳು ಈಗ ಕೋರ್ಟಿನ ಗೋಡೆಗೆ ಒರಗಿ, ಕತ್ತು ಬಗ್ಗಿಸಿ ಕೂತಿದ್ದ. ಎದುರಿನ ಬೆಂಚಿನಲ್ಲಿ ಅಕ್ಕ, ಭಾವ. ಭಾವನ ಪಾದಕ್ಕೆ ಪ್ಲಾಸ್ಟರು.

ಅವನು ಗುದ್ದಿ ಮೂಗೊಡೆದದ್ದು, ಅವರು ಖಾಲಿ ಮಾಡಿಸುತ್ತಿದ್ದ ಮನೆಯ ಎದುರುಮನೆಯವನದು. ಸಾಮಾನು ಇಳಿಸುವಾಗ ತನ್ನ ಮೆಟ್ಟಿಲ ಮೇಲೆ ನಿಂತು ಬೈದವನು. ಹೊಡೆದದ್ದಕ್ಕೆ ಬೀರುವಿಗೆ ಎಳ್ಳಷ್ಟೂ ನಾಚಿಕೆಯಿಲ್ಲ. ನಾಚಿಕೆ ಆ ಪ್ಲಾಸ್ಟರಿನದು. ಅವರ ಕಸುಬಿನಲ್ಲಿ ಒಂದು ಸಾಮಾನನ್ನು ಇಬ್ಬರು ಎತ್ತಿದರೆ, "ಇಳಿಸ್ಲಾ?" ಎಂದು ಒಬ್ಬ ಕೇಳಬೇಕು, "ಇಳಿಸು" ಎಂದು ಇನ್ನೊಬ್ಬ ಹೇಳಬೇಕು. ಚೇಳೇ ಕಡಿಯಲಿ, ಬೆನ್ನೇ ಮುರಿಯಲಿ, ಅಲ್ಲಿಯವರೆಗೆ ಕೈ ಬಿಡುವಂತಿಲ್ಲ. ಬೈಗುಳ ಕೇಳಿದ್ದೇ ಅವನು ತನ್ನ ತುದಿ ಬಿಟ್ಟಿದ್ದ. ಫ್ರಿಜ್ಜು ಭಾವನ ಪಾದದ ಮೇಲೆ ಕೂತಿತ್ತು.

"ಅಂಥದ್ದೇನೋ ಅಂದ ಅವ್ನು?" ಅಕ್ಕ ಇವತ್ತೂ ಕೇಳಿದಳು. ಆ ದಿನ ಅವಳು ಮಹಡಿಯ ಮೇಲೆ ಪಾತ್ರೆಗಳಿಗೆ ಕಾಗದ ಸುತ್ತುತ್ತಿದ್ದಳು; ಅವಳ ಕಿವಿಗೆ ಏನೂ ಬಿದ್ದಿರಲಿಲ್ಲ. "ಕರಿಯರು, ಕೋತಿಗಳು, ಬಂದ ಕಡೆಗೇ ತೊಲಗಿ... ದಿನಾ ಕೇಳೋದೇ ತಾನೆ? ಅದಕ್ಕೆಲ್ಲ ಕೈ ಎತ್ತಿದ್ರೆ ಸಾಮಾನು ಎತ್ತೋಕೆ ನಮ್ಗೆ ಕೈ ಉಳೀತಿತ್ತಾ? ನನ್ನ ಗಂಡನ ಕಾಲು ಮುರಿಯೋವಂಥದ್ದು ಏನಂದ?"

"ಬಿಡಕ್ಕ."

"ಬಿಟ್ಟೇ ತಾನೆ ಹೀಗಾಗಿದ್ದು!"

ಭಾವ ತನ್ನ ಪ್ಲಾಸ್ಟರನ್ನೇ ನೋಡುತ್ತಿದ್ದ. ಆ ಮಾತು ಅವನಿಗೂ ಕೇಳಿಸಿತ್ತು. ಅವನ ಹೆಂಡತಿಯ ಮೇಲೇ ಬಂದ ಮಾತು. ಆದರೂ ಅವನು ತನ್ನ ತುದಿ ಬಿಟ್ಟಿರಲಿಲ್ಲ. ಅಂದಿನಿಂದ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಲ್ಲ. ನಿನ್ನೆ ಮಾತ್ರ ಭಾವ ಗೋಡೆಯ ಕಡೆ ತಿರುಗಿ, "ಬೈಲಿಲ್ಲ ಅಂದ್ಬಿಡಪ್ಪ. ನಾನು ಕಾಲು ಮುರ್ಕೊಂಡು ಕೂತಿದ್ದೀನಿ, ನೀನೂ ಜೈಲಿಗೆ ಹೋದ್ರೆ ಮನೇಲಿ ಒಲೆ ಉರಿಯಲ್ಲ," ಎಂದಿದ್ದ.

ಕೋರ್ಟಿನೊಳಗಿಂದ ಹೆಸರು ಕೂಗಿದರು. ಒಳಗೆ ಎದುರುಮನೆಯವನು ಮೂಗಿನ ಪಟ್ಟಿ ಸವರಿಕೊಳ್ಳುತ್ತ ಮುಂದಿನ ಬೆಂಚಿನಲ್ಲಿ ಆರಾಮಾಗಿ ಕೂತಿದ್ದ.

"ಹೊಡೆದದ್ದು ನಿಜವೇನಯ್ಯ?" ಎಂದರು ನ್ಯಾಯಾಧೀಶರು, ತಲೆಯೆತ್ತದೆ.

"ನಿಜ ಸ್ವಾಮಿ."

"ಅವರು ಏನಾದರೂ ಅಂದಿದ್ದರಾ?"

ವಕೀಲ ಕೆಮ್ಮಿದ. 'ಇಲ್ಲ' ಎನ್ನುವುದು ಬೀರುವಿನ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಎದುರುಮನೆಯವನು ತನ್ನ ಕಡೆಯವನೊಬ್ಬನಿಗೆ ಕಣ್ಣು ಮಿಟುಕಿಸಿದ.

"ಅಂದಿದ್ರು ಸ್ವಾಮಿ."

"ಏನಂತ?"

ಬೀರು ಹಿಂತಿರುಗಿ ನೋಡಿದ. ಹಿಂದಿನ ಬೆಂಚಿನಲ್ಲಿ ಅಕ್ಕ ಮುಂದಕ್ಕೆ ಬಾಗಿ ಕಾಯುತ್ತಿದ್ದಳು. ನೆಲ ಬಾಯಿಬಿಡಬಾರದೇ ಎನಿಸಿತು ಅವನಿಗೆ.

"ಹೇಳಯ್ಯ. ಇಲ್ಲಾ ಕಟ್ಟುಕತೆನಾ?"

"ನಾನು ಹೇಳ್ತೀನಿ ಸ್ವಾಮಿ."

ಭಾವ ಒಂಟಿಕಾಲಲ್ಲಿ ಎದ್ದಿದ್ದ. ಕೂರಿಸಲು ಬಂದ ಪೊಲೀಸಿನವನ ಕೈ ತಳ್ಳಿದ. "ಮೇಲಿರೋ ಆ ಕರಿ ಹೆಣ್ಣನ್ನ ತಿಕ್ಕಿ ತೊಳೆದು ರಾತ್ರಿ ಕಳ್ಸು, ಬಣ್ಣ ಬಿಡುತ್ತೋ ನೋಡೋಣ, ಅಂದ ಈ ಸೂಳೆಮಗ. ಅವಳು ನನ್ನ ಹೆಂಡ್ತಿ ಸ್ವಾಮಿ. ಇವನು ಫ್ರಿಜ್ ಬಿಟ್ಟ. ನಾನು ಕೇಳಿಸ್ಕೊಂಡು, ಹಿಡ್ಕೊಂಡೇ ನಿಂತಿದ್ದೆ. ಅದನ್ನೂ ಬರ್ಕೊಳ್ಳಿ."

ನ್ಯಾಯಾಧೀಶರು ಟೈಪಿಸ್ಟನ ಕಡೆ ತಿರುಗಿದರು. "ಅದೆಲ್ಲ ಬೇಡ. ಅವಾಚ್ಯ ಶಬ್ದ ಅಂತ ಹಾಕಿ."

"ಬೇಡ ಸ್ವಾಮಿ," ಎಂದ ಬೀರು. "ಅವನು ಅಂದ ಹಾಗೇ ಹಾಕಿ."

ಟೈಪಿಸ್ಟನ ಬೆರಳುಗಳು ನಿಂತಲ್ಲೇ ನಿಂತವು.

ಅಕ್ಕ ಎದ್ದಳು. ಗಂಡನನ್ನೂ ನೋಡಲಿಲ್ಲ, ತಮ್ಮನನ್ನೂ ನೋಡಲಿಲ್ಲ. ಬೆಂಚುಗಳ ನಡುವೆ ನಡೆದು ಹೋಗಿ ಎದುರುಮನೆಯವನ ಮಗ್ಗುಲಲ್ಲಿ ಖಾಲಿಯಿದ್ದ ಜಾಗದಲ್ಲಿ ಕೂತಳು.

ಅವನು ಒಂದು ಗೇಣು ಸರಿದ. ಅವಳೂ ಅವನತ್ತ ಸರಿದಳು.