ಕಂಡಕ್ಟರ್ ಕದರಯ್ಯನ ದನಿ

ಶಕುಂತಲ ಹಂಡೆಯಿಂದ ಬಿಸಿನೀರು ತೋಡಿ ಕೊಡುತ್ತಿದ್ದಳು. ಅಂಗಳದಲ್ಲಿ ಅವಳ ಸೋದರಮಾವ ಅಡವಿಯಪ್ಪ, ಅವಳ ಅಪ್ಪ ಕದರಯ್ಯನ ಹೆಣಕ್ಕೆ ಸ್ನಾನ ಮಾಡಿಸುತ್ತಾ ಬಂದವರಿಗೆಲ್ಲ ಅದೇ ಮಾತು ಹೇಳುತ್ತಿದ್ದ.

"ಗುಬ್ಬಿ ಬಸ್‌ಸ್ಟ್ಯಾಂಡ್ ತುಂಬಾ ಕೇಳ್ತಿತ್ತು ಭಾವನ ಗಂಟ್ಲು. ತುಮ್ಕೂರ್ ತುಮ್ಕೂರ್ ಅಂತ ಕೂಗುದ್ರೆ ಮಲಗಿದ್ದೋರೂ ಎದ್ದು ಬರೋರು. ಆಮೇಲೆ ಲಕ್ವ ಹೊಡೀತು. ಮಗಳ ಮದ್ವೆಯಿಂದೀಚೆಗೆ ಒಂದ್ ಮಾತಿಲ್ಲ ಕಣ್ರಪ್ಪ."

"ಮಾತಿಲ್ಲ ಅಂತ ಯಾರ್ ಹೇಳಿದ್ದು?" ಬಾಗಿಲಲ್ಲಿ ನಿಂತಿದ್ದ ಪಕ್ಕದ ಮನೆಯ ರೋಷನ್ ಬೀ ಸೆರಗಿನಿಂದ ಕಣ್ಣೊರೆಸಿಕೊಂಡಳು. "ನಿನ್ನೆ ಮಧ್ಯಾಹ್ನಾನೂ ನಮ್ ಜಗಲಿ ಮೇಲೆ ಕೂತು ಟೀ ಕೇಳಿದ್ರಲ್ಲ."

ಶಕುಂತಲಳ ಕೈಯ ಚೊಂಬು ಹಂಡೆಯೊಳಗೇ ಉಳಿಯಿತು.

*

ಲಕ್ವ ಹೊಡೆದ ವರ್ಷ ತುಮಕೂರಿನ ಡಾಕ್ಟರು, "ರೇಡಿಯೊ ಹಾಕಿ, ಕಣ್ಣು ಮುಚ್ಕೊಂಡು ಹಾಡಿನ ಮೇಲೇ ಗಮನ ಇಟ್ಟು ಕೂತ್ಕೊಳ್ಳಲಿ" ಎಂದಿದ್ದರು. ಕದರಯ್ಯ ಹಾಗೇ ಕೂತ. ಅವನಿಗೆ ಮಾತು ತೊದಲುತ್ತಿತ್ತು, ಹಾಡು ತೊದಲುತ್ತಿರಲಿಲ್ಲ. ಬರಬರುತ್ತಾ ಕೇಳಿದ ಧಾಟಿಗೆ ತನ್ನ ಮಾತನ್ನೇ ಸೇರಿಸಿ ಹಾಡತೊಡಗಿದ. ನೀರು ಬೇಕು, ಸೆಕೆ ಆಗ್ತಿದೆ, ಶಕುಂತಲಾ ಊಟ ಆಯ್ತೇನೇ, ಎಲ್ಲವೂ ಹಾಡೇ. ಬೀದಿಯ ಮಕ್ಕಳು ಕಿಟಕಿಗೆ ಜೋತುಬಿದ್ದು ನಗುತ್ತಿದ್ದವು.

ಕುಣಿಗಲ್ಲಿನವರು ಹೆಣ್ಣು ನೋಡಲು ಬಂದ ದಿನ ಶಕುಂತಲ ರೇಡಿಯೊ ಆರಿಸಿದಳು.

"ಅಪ್ಪಾ, ಬಾಯ್ ಮುಚ್ಕೊಂಡಿರು. ಹುಚ್ಚ ಅಂದ್ಕೋತಾರೆ. ನನ್ ಮಾನ ಕಳೀಬೇಡ."

ಅವನು ತಲೆಯಾಡಿಸಿದ. ಗಂಡಿನವರು ಒಪ್ಪಿದರು. ರೇಡಿಯೊ ಬಳುವಳಿಯಾಗಿ ಅವಳ ಜೊತೆಗೇ ಹೋಯಿತು. ಅಪ್ಪ ಮನೆಯಲ್ಲಿ ಮತ್ತೆ ಹಾಡಲಿಲ್ಲ. ಕಾಯಿಲೆ ಹೆಚ್ಚಾಗಿದೆ ಎಂದು ಅವಳು ನಂಬಿದಳು. ಹಾಗೆ ನಂಬಿಕೊಂಡರೆ ನಿದ್ದೆ ಬರುತ್ತಿತ್ತು.

*

"ದಿನಾ ಗೋಡೆ ಹಿಡ್ಕೊಂಡು ಬರೋರು," ಎಂದಳು ರೋಷನ್ ಬೀ. "ನಾನು ಬೀಡಿ ಕಟ್ತಾ ರೇಡಿಯೊ ಹಾಕ್ತಿದ್ದೆ. ಕಣ್ ಮುಚ್ಚಿ ಕೇಳೋರು. ಆಮೇಲೆ ಹಾಡ್ತಾ ಹಾಡ್ತಾ ಎಲ್ಲಾ ಹೇಳೋರು, ಬಸ್ಸಿನ ಕತೆ, ಮಗಳ ಕತೆ."

ಕದರಯ್ಯನ ಹೆಂಡತಿ ಓಬಳಮ್ಮ ಕೂತಲ್ಲಿಂದ ತಲೆಯೆತ್ತಿದಳು. "ನಾನು ಅಕ್ಕಿ ಮಿಲ್ಲಿಂದ ಬರೋ ಹೊತ್ಗೆ ಗೋಡೆ ಕಡೆ ತಿರುಗಿ ಕೂತಿರೋರಲ್ಲೇ! ನನ್ ಕೂಡೆ ಯಾಕ್ ಆಡ್ಲಿಲ್ಲ?"

"ನಾನೂ ಕೇಳ್ದೆ ಅಕ್ಕ, ಮನೇಲ್ ಯಾಕ್ ಹಾಡಲ್ಲ ಅಂತ." ರೋಷನ್ ಬೀ ಏನೂ ಅರಿಯದೆ ಹೇಳಿಬಿಟ್ಟಳು. "ಮಗಳಿಗೆ ನಾಚಿಕೆ ಆಗುತ್ತೆ ಅಂದ್ರು."

ಶಕುಂತಲಳ ಗಂಡ, ಅತ್ತೆ, ಮಾವ, ಯಾರ ಮುಂದೆ ಮಾನ ಉಳಿಸಿಕೊಳ್ಳಲು ಅಪ್ಪನ ಬಾಯಿ ಮುಚ್ಚಿಸಿದ್ದಳೋ ಅವರೆಲ್ಲ ಅವಳನ್ನೇ ನೋಡುತ್ತಿದ್ದರು. ನಾಚಿಕೆಯಿಂದ ಅವಳಿಗೆ ನಿಂತ ನೆಲ ಸುಡುವಂತಾಯಿತು.

ಹೆಣಕ್ಕೆ ಹೊಸ ಪಂಚೆ ಉಡಿಸಿದರು. ಅಡವಿಯಪ್ಪ ಗದ್ದಕ್ಕೆ ಕಟ್ಟಿದ್ದ ಬಟ್ಟೆಯ ಗಂಟು ಬಿಚ್ಚಿದ. "ಹೊತ್ತಾಯ್ತು. ಮಗಳು ಮೊದ್ಲು ಬಾಯಿಗೆ ಅಕ್ಕಿ ಹಾಕ್ಲಿ."

ಶಕುಂತಲ ಅಕ್ಕಿ ಹಿಡಿದು ಬಗ್ಗಿದಳು. ಹೆಬ್ಬೆರಳಿನಿಂದ ತುಟಿ ಬಿಡಿಸಿ ನೋಡಿದಳು. ಹಲ್ಲು ಕಚ್ಚಿಕೊಂಡಿದ್ದವು.

"ಬಾಯ್ ತೆಗಿಯಪ್ಪಾ," ಎಂದಳು, ಕುಣಿಗಲ್ಲಿನವರಿಗೆಲ್ಲ ಕೇಳುವ ಹಾಗೆ. "ತೆಗಿಯಪ್ಪಾ."

ಅಕ್ಕಿ ಮೀಸೆಯ ಮೇಲಿಂದ ಜಾರಿ ಜಾರಿ ಕತ್ತಿನ ಗುಳಿಯಲ್ಲಿ ತುಂಬಿಕೊಳ್ಳುತ್ತಿತ್ತು.